ನಗಿಸುತ್ತಿದ್ದವಳಿಗೆ ಅಜ್ಜಿಯ ಪಾತ್ರ ಬಂದಾಗ

ಹಾಸನದ ನಮ್ಮ ಹವ್ಯಾಸಿ ನಾಟಕ ತಂಡದಲ್ಲಿ ನನಗೆ ಸಿಗುತ್ತಿದ್ದುದು ಬರೀ ನಗಿಸುವ ಪಾತ್ರ. ಬಾಯಿಬಡುಕಿ ಪಕ್ಕದ ಮನೆಯವಳು, ಜಗಳಗಂಟಿ ಅತ್ತೆ, ಇಂಥವೇ. ಹೋದ ವರ್ಷ ಮಗನನ್ನು ಕಳೆದುಕೊಂಡ ಅಜ್ಜಿಯ ಪಾತ್ರ ಬಂತು. ಮೊದಲ ತಾಲೀಮಿನಲ್ಲಿ ಬೆನ್ನು ಬಗ್ಗಿಸಿ, ದನಿ ನಡುಗಿಸಿ ಮಾತು ಹೇಳಿದೆ. ಕೂತಿದ್ದವರೆಲ್ಲ ನಕ್ಕುಬಿಟ್ಟರು. ಮನೆಗೆ ಬಂದು ಅತ್ತುಬಿಟ್ಟೆ.

ಆ ರಾತ್ರಿ ‘ಪುಟ್ನಂಜ’ ಹಾಕಿಕೊಂಡು ಕೂತೆ. 1995ರ ಸಿನಿಮಾ. ಅದರಲ್ಲಿ ರವಿಚಂದ್ರನ್ ಅವರ ಅಜ್ಜಿಯಾದಾಗ ಉಮಾಶ್ರೀ ಅವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ! ಮರುದಿನ ‘ಗುಲಾಬಿ ಟಾಕೀಸ್’ ನೋಡಿದೆ. ಗಿರೀಶ ಕಾಸರವಳ್ಳಿ ಅವರ 2008ರ ಚಿತ್ರ, ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ತಂದಿದ್ದು. ಎನ್.ಎಸ್. ರಾವ್ ಜೊತೆ ಹಾಸ್ಯ ಮಾಡುತ್ತಿದ್ದ ಅದೇ ನಟಿ ಇಲ್ಲಿ ಕುಂದಾಪುರ ಕಡೆಯ ಸೂಲಗಿತ್ತಿ.

ಎರಡನ್ನೂ ಸದ್ದು ತೆಗೆದು ಮತ್ತೆ ನೋಡಿದೆ. ‘ಪುಟ್ನಂಜ’ದ ಅಜ್ಜಿ ಪುಟ್ಮಲ್ಲಿ ತನ್ನ ಮುದಿತನ ತೋರಿಸುತ್ತಾ ನಿಲ್ಲುವವಳಲ್ಲ, ಗಟ್ಟಿಗಿತ್ತಿ. ಗುಲಾಬಿಗೆ ಸಿನಿಮಾ ಹುಚ್ಚು. ಹೆರಿಗೆ ಮಾಡಿಸಿದ್ದಕ್ಕೆ ಅವಳ ಮನೆಗೆ ಟಿವಿ ಬರುತ್ತದೆ. ಅವಳ ಖುಷಿ ನೋಡುವಾಗಲೇ ಅವಳು ಎಷ್ಟು ಒಂಟಿ ಅಂತ ನಮಗೆ ತಟ್ಟುವುದು. ನಾನು ಮಾಡಿದ ತಪ್ಪು ಆಗ ಗೊತ್ತಾಯ್ತು. ನಾನು ದುಃಖವನ್ನೇ ನಟಿಸಲು ಹೊರಟಿದ್ದೆ.

ಆಮೇಲೆ ಎರಡು ವಾರ ಬೆಳಿಗ್ಗೆ ಕಟ್ಟಿನಕೆರೆ ಮಾರುಕಟ್ಟೆಗೆ ಹೋದೆ. ಸೊಪ್ಪು ಮಾರುವ ಅಜ್ಜಿಯೊಬ್ಬರು, “ಯಾಕವ್ವ ಸುಮ್ನೆ ನಿಂತಿದೀಯಾ, ಕೂತ್ಕೋ” ಅಂದರು. ಅವರ ದನಿ ನಡುಗುತ್ತಲೇ ಇರಲಿಲ್ಲ. ಏಳುವ ಮುಂಚೆ ಮಂಡಿಯ ಮೇಲೆ ಅಂಗೈ ಊರುತ್ತಿದ್ದರು. ಉಸಿರು ಹಿಡಿದು ಏಳುತ್ತಿದ್ದರು. ಉಸಿರು ಬಿಟ್ಟ ಮೇಲೆಯೇ ಮಾತು. ನನಗೆ ಅಷ್ಟೇ ಸಾಕಾಗಿತ್ತು. ಅದನ್ನೇ ಮನೆಯಲ್ಲಿ ದಿನಾ ಮಾಡಿದೆ. ನಡುಗುವ ದನಿ ತಾನಾಗೇ ಬಿಟ್ಟುಹೋಯಿತು.

ಜನವರಿಯಲ್ಲಿ ಹಾಸನಾಂಬ ಕಲಾಕ್ಷೇತ್ರದಲ್ಲಿ ನಾಟಕ. ಅವರೆಕಾಯಿ ಕಾಲ. ವೇದಿಕೆ ಮೇಲೆ ನಿಜವಾದ ಅವರೆಕಾಯಿಯನ್ನೇ ಬಿಡಿಸುತ್ತೇನೆ ಅಂತ ನಿರ್ದೇಶಕರನ್ನು ಒಪ್ಪಿಸಿದ್ದೆ. ಮೊದಲ ದೃಶ್ಯದಲ್ಲಿ ಮೊಮ್ಮಗನನ್ನು ಬೈಯುವಾಗ ಜನ ಜೋರಾಗಿ ನಕ್ಕರು. ಆ ನಗು ನನಗೆ ಬೇಕಿತ್ತು. ಅಜ್ಜಿಯನ್ನು ಮೊದಲು ಇಷ್ಟಪಡಬೇಕು, ಅಲ್ವಾ? ಮಗನ ಸುದ್ದಿ ಬಂದಾಗ ನಾನು ಅಳಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ. ಕಾಳು ಒಂದು ಕಡೆ, ಸಿಪ್ಪೆ ಇನ್ನೊಂದು ಕಡೆ ಹಾಕುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೆ ಕಾಳನ್ನೂ ಸಿಪ್ಪೆಯ ಗುಡ್ಡೆಗೇ ಹಾಕತೊಡಗಿದೆ. ಮುಂದಿನ ಸಾಲಿನಲ್ಲಿ ಯಾರೋ “ಅಯ್ಯೋ” ಅಂದದ್ದು ವೇದಿಕೆಗೆ ಕೇಳಿಸಿತು.