ಮುಷ್ಕರದ ಸುದ್ದಿ ಮೊದಲು ನಮ್ಮಿಂದಲೇ ಹೋಗಬೇಕು

ಬಿಡದಿ ಕಡೆಯ ಒಂದು ವಾಹನ ಬಿಡಿಭಾಗಗಳ ಕಾರ್ಖಾನೆಯ ಯೂನಿಯನ್‌ನಲ್ಲಿ ನಾನು ಜಂಟಿ ಕಾರ್ಯದರ್ಶಿ. ನಮ್ಮ ಮುಷ್ಕರ ತಿಂಗಳುಗಟ್ಟಲೆ ನಡೆಯಿತು. ಮಾತುಕತೆಗೆ ಅಧ್ಯಕ್ಷರು, ಪ್ರಧಾನ ಕಾರ್ಯದರ್ಶಿ ಹೋಗುತ್ತಿದ್ದರು. ಕಾರ್ಮಿಕರಿಗೆ ಸುದ್ದಿ ಮುಟ್ಟಿಸಿ ಎಲ್ಲರನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ನನ್ನ ಪಾಲಿಗೆ ಬಂದ ಕೆಲಸ. ಬೇರೆ ಕಾರ್ಖಾನೆಗಳ ಗೆಳೆಯರು ಈಗಲೂ ಅದರ ಬಗ್ಗೆ ಕೇಳುತ್ತಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಿನಲ್ಲಿ ಏನೂ ಕಷ್ಟವಿಲ್ಲ. ಎಲ್ಲರೂ ಶಾಮಿಯಾನದ ಕೆಳಗೇ ಇರುತ್ತಾರೆ. ಸಂಬಳದ ದಿನ ಬಂದು ಅಕೌಂಟಿಗೆ ದುಡ್ಡು ಬೀಳದಿದ್ದಾಗ ಜನ ಚದುರುತ್ತಾರೆ. ಕೆಲವರು ರಾಗಿ ಕೊಯ್ಲಿಗೆ ಊರಿಗೆ ಹೋದರು, ಕೆಲವರು ಗಾರೆ ಕೆಲಸಕ್ಕೆ, ಕೆಲವರು ಬಾಡಿಗೆ ಆಟೋ ಹಿಡಿದರು. ತಪ್ಪೇನಿಲ್ಲ, ಮನೆ ನಡೀಬೇಕಲ್ವಾ? ಆದರೆ ಹಾಗೆ ಒಬ್ಬನೇ ಇರುವಾಗಲೇ ಫೋನ್ ಬರುತ್ತದೆ. "ನಾಳೆ ಎಲ್ಲರೂ ಒಳಗೆ ಹೋಗ್ತಿದಾರಂತೆ, ನೀನೊಬ್ಬ ಯಾಕೆ ಹೊರಗಿರ್ತೀಯ?" ಅದೇ ಮಾತು ಅವನ ಗೆಳೆಯನಿಗೂ ಹೋಗಿರುತ್ತದೆ. ಇಬ್ಬರೂ ಮಾತಾಡಿಕೊಂಡರೆ ಸುಳ್ಳು ಅಲ್ಲಿಗೇ ನಿಲ್ಲುತ್ತದೆ. ಮಾತಾಡದಿದ್ದರೆ ಬೆಳಗ್ಗೆ ಇಬ್ಬರೂ ಗೇಟಿನ ಮುಂದೆ ಇರುತ್ತಾರೆ.

ನಮ್ಮ ಯೂನಿಯನ್ ಮೊದಲಿಂದ ಡಿಪಾರ್ಟ್‌ಮೆಂಟ್ ಲೆಕ್ಕದಲ್ಲಿ ನಡೆಯುತ್ತಿತ್ತು. ಪ್ರೆಸ್ ಶಾಪ್‌ಗೊಬ್ಬ ಪ್ರತಿನಿಧಿ, ವೆಲ್ಡಿಂಗ್‌ಗೊಬ್ಬ, ಪೇಂಟ್‌ಗೊಬ್ಬ. ಕಾರ್ಖಾನೆ ನಿಂತ ಮೇಲೆ ಅವರು ಒಬ್ಬರನ್ನೊಬ್ಬರು ನೋಡುವುದೇ ಇಲ್ಲ. ಹಾಗಾಗಿ ಕಂಪನಿ ಬಸ್ಸಿನ ರೂಟ್ ಹಿಡಿದು ಪಟ್ಟಿ ಮಾಡಿದೆವು. ಕೆಂಗೇರಿ, ಮಾಗಡಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ. ಒಂದೊಂದು ಸ್ಟಾಪಿಗೆ ಒಬ್ಬ ಜವಾಬ್ದಾರಿ. ಒಂದೇ ಸ್ಟಾಪಿನಲ್ಲಿ ವರ್ಷಗಟ್ಟಲೆ ಬಸ್ಸಿಗೆ ಕಾದವರಿಗೆ ಒಬ್ಬರ ಮನೆ ಇನ್ನೊಬ್ಬರಿಗೆ ಗೊತ್ತು, ಮಕ್ಕಳ ಹೆಸರು ಗೊತ್ತು. ಸ್ಟಾಪಿನವನು ಸುಮ್ನೆ ಮೆಸೇಜ್ ಕಳಿಸಿದರೆ ಆಗದು. ಸಂಜೆಯೊಳಗೆ ಎಲ್ಲರ ಹತ್ತಿರ ಮಾತಾಡಿ ನನಗೆ ಹೇಳಬೇಕು. ನಮ್ಮ ಒಗ್ಗಟ್ಟು ಉಳಿದದ್ದು ಮುಖ್ಯವಾಗಿ ಇದರಿಂದ ಎಂದು ಖಚಿತವಾಗಿ ಹೇಳುತ್ತೇನೆ. 2025ರ ನವೆಂಬರ್ 21ರಿಂದ ಜಾರಿಯಾಗಿರುವ ಹೊಸ ಕಾನೂನು, ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಯಾವ ಕಾರ್ಖಾನೆಯಲ್ಲೇ ಆಗಲಿ, ಮುಷ್ಕರಕ್ಕೆ 14 ದಿನ ಮುಂಚೆ ನೋಟಿಸ್ ಕೊಡಬೇಕು. ಅರ್ಧದಷ್ಟು ಅಥವಾ ಅದಕ್ಕಿಂತ ಜಾಸ್ತಿ ಜನ ಒಂದೇ ದಿನ ಒಟ್ಟಿಗೆ ಕ್ಯಾಶುಯಲ್ ರಜೆ ಹಾಕಿದರೂ ಅದು ಮುಷ್ಕರವೇ. ಈ ಪಟ್ಟಿಯನ್ನು ಆ 14 ದಿನದಲ್ಲೇ ಮಾಡಿಕೊಳ್ಳಿ.

ದೊಡ್ಡ ವಾಟ್ಸ್ಆ್ಯಪ್ ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಮಾಡಿದೆವು. ಕೆಲವರಿಗೆ ಸಿಟ್ಟು ಬಂತು, ಬಾಯಿ ಮುಚ್ಚಿಸ್ತೀರಾ ಅಂದರು. ಪ್ರಶ್ನೆ ಕೇಳಲು, ಬೈಯಲು ರೂಟ್‌ಗೊಂದು ಸಣ್ಣ ಗುಂಪು ಇತ್ತು. ಅಲ್ಲಿ ಬಂದ ಪ್ರಶ್ನೆಗೆ ಅದೇ ರಾತ್ರಿ ಉತ್ತರ. ಅಚ್ಚು ಹಾಕಿಸಿದ ಕರಪತ್ರಕ್ಕೆ ಕ್ರಮಸಂಖ್ಯೆ, ತಾರೀಖು, ಯೂನಿಯನ್ ಸೀಲು. 'ಒಪ್ಪಂದ ಆಗಿದೆ, ಕೆಲಸಕ್ಕೆ ಬನ್ನಿ' ಎಂಬ ಚೀಟಿಯೊಂದು ಓಡಾಡಿದಾಗ ಸಂಖ್ಯೆ ಇಲ್ಲದ್ದನ್ನು ನೋಡಿ ಜನರೇ ಹರಿದು ಹಾಕಿದರು.

ಎಲ್ಲಕ್ಕಿಂತ ಜಾಸ್ತಿ ಹೆದರಿಸಿದ್ದು ಕಂಪನಿಯಿಂದ ಬಂದ ರಿಜಿಸ್ಟರ್ಡ್ ಪೋಸ್ಟ್. ಚನ್ನಪಟ್ಟಣದ ಹತ್ತಿರ ಒಬ್ಬರ ಮನೆಗೆ ಹೋದಾಗ ಅವರ ಹೆಂಡತಿ ಲಕೋಟೆಯನ್ನು ಬೀರುವಿನಲ್ಲಿ ಸೀರೆಗಳ ಅಡಿಯಿಂದ ತೆಗೆದುಕೊಟ್ಟರು. "ಅಣ್ಣಾ, ಪೊಲೀಸ್ನೋರು ಮನೆಗೆ ಬರ್ತಾರಾ?" ಎಂದು ಕೇಳಿದರು. ಒಳಗಿದ್ದದ್ದು ಎರಡು ಪುಟದ ಇಂಗ್ಲಿಷ್. ಅಲ್ಲೇ ಕೂತು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಅದರಲ್ಲಿ ಪೊಲೀಸರ ಮಾತೇ ಇರಲಿಲ್ಲ. ಮುಚ್ಚಳಿಕೆ ಬರೆದುಕೊಟ್ಟರೆ ಮಾತ್ರ ಒಳಗೆ ಬಿಡುತ್ತೇವೆ ಎಂದಿತ್ತು, ಅಷ್ಟೇ. ಮುಂದಿನ ಕರಪತ್ರದಲ್ಲಿ ಆ ಪತ್ರದ ಪೂರ್ತಿ ಅನುವಾದ ಹಾಕಿದೆವು. ಯಾವುದಕ್ಕೆ ಉತ್ತರ ಕೊಡಬೇಕು, ಯಾವ ತಾರೀಖಿನೊಳಗೆ ಅನ್ನುವುದನ್ನೂ ಬರೆದೆವು. ಪೋಸ್ಟ್ ತೆಗೆದುಕೊಳ್ಳದೆ ವಾಪಸ್ ಕಳಿಸಬೇಡಿ ಅಂತ ದಪ್ಪಕ್ಷರದಲ್ಲಿ ಹಾಕಿಸಿದೆವು. ವಾಪಸ್ ಕಳಿಸಿದರೂ ಮುಟ್ಟಿದ ಲೆಕ್ಕವೇ ಆಗುತ್ತದೆ.

ಒಂದು ದಿನದ ಮುಷ್ಕರಕ್ಕೆ 8 ದಿನದ ಸಂಬಳ ಕಟ್ ಎಂಬ ಮಾತೂ ಹಬ್ಬಿತ್ತು. ಅಂಥ ನಿಯಮ ವೇತನ ಪಾವತಿ ಕಾಯ್ದೆಯಲ್ಲಿ ಇದ್ದದ್ದು ನಿಜ. 10 ಅಥವಾ ಹೆಚ್ಚು ಜನ ನೋಟಿಸ್ ಕೊಡದೆ, ಸರಿಯಾದ ಕಾರಣವಿಲ್ಲದೆ ಒಟ್ಟಿಗೆ ಗೈರಾದರೆ 8 ದಿನದವರೆಗಿನ ಸಂಬಳ ಹಿಡಿಯಬಹುದಿತ್ತು. ನಾವು ನೋಟಿಸ್ ಕೊಟ್ಟಿದ್ದೆವು. ಅದರ ನಕಲನ್ನೇ ಕರಪತ್ರದ ಹಿಂಬದಿಗೆ ಅಚ್ಚು ಹಾಕಿಸಿದೆವು.

ಕೆಟ್ಟ ಸುದ್ದಿಯನ್ನು ನಾವು ಮುಚ್ಚಿಡಲಿಲ್ಲ. ಬನ್ನೇರುಘಟ್ಟ ರಸ್ತೆಯಲ್ಲಿರುವ ಕಾರ್ಮಿಕ ಇಲಾಖೆಯ ಕಚೇರಿ, ಕಾರ್ಮಿಕ ಭವನದಲ್ಲಿ ಸಂಧಾನ ಸಭೆ ಮುರಿದು ಬಿದ್ದರೆ, ಆವತ್ತು ಸಂಜೆಯೇ 'ಮುರಿದು ಬಿತ್ತು, ಮುಂದಿನ ತಾರೀಖು ಇದು' ಎಂದು ಹೇಳುತ್ತಿದ್ದೆವು. 'ಇನ್ನೆರಡು ದಿನದಲ್ಲಿ ಮುಗಿಯುತ್ತೆ' ಎಂದು ಯಾರೂ ಹೇಳಕೂಡದು ಎಂದು ಕಮಿಟಿಯಲ್ಲಿ ತೀರ್ಮಾನಿಸಿದ್ದೆವು. 1980ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳಾದ ಐಟಿಐ, ಬಿಇಎಲ್, ಎಚ್‌ಎಎಲ್, ಎಚ್‌ಎಂಟಿ, ಬಿಇಎಂಎಲ್ ಕಾರ್ಮಿಕರು ಶುರು ಮಾಡಿದ ಮುಷ್ಕರ 77 ದಿನ ನಡೆದಿತ್ತು. ಆಗ ಫೋನೇ ಅಪರೂಪ. ಅದರಲ್ಲಿದ್ದ ಹಿರಿಯರೊಬ್ಬರು ನಮ್ಮ ಶಾಮಿಯಾನಕ್ಕೆ ಬಂದು, ಗೇಟ್ ಮೀಟಿಂಗಿನಲ್ಲಿ ನಿಜ ಹೇಳುವ ನಾಯಕನಿಗೆ ಮಾತ್ರ ಜನ ಕಾಯುತ್ತಾರೆ ಎಂದಿದ್ದರು. ಭಾನುವಾರ ನಿಧಿಯ ಲೆಕ್ಕ ಓದುತ್ತಿದ್ದೆವು, ಶಾಮಿಯಾನದ ಬಾಡಿಗೆ, ಟೀ ಖರ್ಚು ಸಮೇತ.

ಒಳಗೆ ಹೋದವರ ವಿಷಯಕ್ಕೆ ಜೋರು ಜಗಳವಾಯಿತು. ಅವರ ಹೆಸರು, ಫೋಟೋ ಫ್ಲೆಕ್ಸಿನಲ್ಲಿ ಹಾಕಿಸೋಣ ಎಂದರು ಕೆಲವರು. ನಾನು ಬಲವಾಗಿ ವಿರೋಧಿಸಿದೆ. ಒಬ್ಬನ ಮಗಳಿಗೆ ಆಪರೇಷನ್ ಇತ್ತು, ಇನ್ನೊಬ್ಬನಿಗೆ ಮನೆ ಸಾಲ. ಮುಖಕ್ಕೆ ಮಸಿ ಬಳಿದರೆ ಅವರು ಜನ್ಮದಲ್ಲಿ ವಾಪಸ್ ಬರುವುದಿಲ್ಲ. ಅವರನ್ನು ಗುಂಪಿನಿಂದ ತೆಗೆಯಲಿಲ್ಲ, ಕರಪತ್ರ ಅವರ ಮನೆಗೂ ಹೋಗುತ್ತಿತ್ತು. ಕೆಲವರು ಹೊರಗೆ ಬಂದು ಮತ್ತೆ ನಮ್ಮ ಜೊತೆ ಕೂತರು.

ಆಗಿದ್ದ ಕೈಗಾರಿಕಾ ವಿವಾದಗಳ ಕಾಯ್ದೆಯ ಸೆಕ್ಷನ್ 12(3)ರ ಪ್ರಕಾರ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿ ಮುಂದೆ ಒಪ್ಪಂದಕ್ಕೆ ಸಹಿ ಬಿದ್ದರೆ, ಸದಸ್ಯರಲ್ಲದವರೂ ಸೇರಿ ಎಲ್ಲ ಕಾರ್ಮಿಕರೂ ಅದಕ್ಕೆ ಬದ್ಧ. ಹಾಗಾಗಿ ಸಹಿಗೆ ಮುಂಚೆಯೇ ಕರಡನ್ನು ಸರ್ವಸದಸ್ಯರ ಸಭೆಯಲ್ಲಿ ಓದಿದೆವು. ಏನು ಕೇಳಿದ್ದೆವು, ಏನು ಸಿಕ್ಕಿದೆ, ಏನು ಸಿಕ್ಕಿಲ್ಲ ಎಂದು ಒಂದೊಂದೇ ಅಂಶ ಬಿಡಿಸಿ ಹೇಳಿದೆವು. ರೂಟ್‌ಗೊಂದು ಡಬ್ಬ ಇಟ್ಟು ಗುಟ್ಟಾಗಿ ಮತ ಹಾಕಿಸಿದೆವು. ಕೇಳಿದ್ದೆಲ್ಲ ಸಿಗಲಿಲ್ಲ, ಆದರೂ ಹೆಚ್ಚಿನವರು ಒಪ್ಪಿದರು. ಅಮಾನತಾದ ಕೆಲವರ ವಿಚಾರಣೆ ಮಾತ್ರ ಮುಗಿದಿಲ್ಲ. ಅವರಿಗೆ ಸಿಗುವ ಜೀವನಾಧಾರ ಭತ್ಯೆ ಮೊದಲ 90 ದಿನ ಅರ್ಧ ಸಂಬಳದಷ್ಟೇ. ಹಾಗಾಗಿ ಸಂಬಳದ ದಿನ ಬಸ್ಸಿನಲ್ಲೇ ದುಡ್ಡು ಕೂಡಿಸಿ ಅವರ ಮನೆಗೆ ತಲುಪಿಸುತ್ತೇವೆ. ವಿಚಾರಣೆಯಲ್ಲಿ ಆವತ್ತು ಏನಾಯಿತು ಎಂಬ ಸುದ್ದಿಯೂ ಅದೇ ಬಸ್ಸಿನಲ್ಲಿ ಎಲ್ಲರಿಗೂ ಮುಟ್ಟುತ್ತದೆ.