ಅಪ್ಪನ ಟ್ರೇನಿಗೆ ಕಾಯದೆ ಮಗುವನ್ನು ಮಲಗಿಸುವುದು ಹೇಗೆ

ಮುಂಬೈ ಆಸುಪಾಸಿನ ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ಎಷ್ಟೋ ಮನೆಗಳಲ್ಲಿ ಮಗು ಮಲಗುವ ಹೊತ್ತನ್ನು ಗೊತ್ತು ಮಾಡುವುದು ಅಪ್ಪ ಹಿಡಿಯುವ ಲೋಕಲ್ ಟ್ರೇನು. ಅವರು ಬರುವಾಗ ಒಂಬತ್ತು, ಆಟ ಮುಗಿಯುವಾಗ ಹನ್ನೊಂದು. ಆರು ತಿಂಗಳು ದಾಟಿದ ಮಗುವಿಗೆ ಈ ಲೆಕ್ಕ ಆಗಿಬರುವುದಿಲ್ಲ. ನೋಡಬೇಕಾದದ್ದು ಹಗಲಿನ ಕೊನೆಯ ನಿದ್ದೆ ಎಷ್ಟು ಗಂಟೆಗೆ ಮುಗಿಯಿತು ಎಂಬುದನ್ನು.

ನಾಲ್ಕು ತಿಂಗಳಿಂದ ವರ್ಷದೊಳಗಿನ ಮಗುವಿಗೆ ಹಗಲು ರಾತ್ರಿ ಸೇರಿ 12ರಿಂದ 16 ಗಂಟೆ ನಿದ್ದೆ ಬೇಕು. ವರ್ಷ ತುಂಬಿದ ಮೇಲೆ 11ರಿಂದ 14. ಒಂದು ನಿದ್ದೆಗೂ ಮುಂದಿನ ನಿದ್ದೆಗೂ ನಡುವೆ ಆರೇಳು ತಿಂಗಳಲ್ಲಿ ಎರಡರಿಂದ ಮೂರು ಗಂಟೆ, ಒಂಬತ್ತು ಹತ್ತು ತಿಂಗಳಲ್ಲಿ ಮೂರರಿಂದ ಮೂರೂವರೆ, ವರ್ಷದ ಹೊತ್ತಿಗೆ ನಾಲ್ಕು ಗಂಟೆಯವರೆಗೆ ಎಚ್ಚರ ಇರಬಲ್ಲದು. ಒಂಬತ್ತು ತಿಂಗಳ ಮಗು ನಾಲ್ಕೂವರೆಗೆ ಎದ್ದಿದ್ದರೆ ಎಂಟಕ್ಕೆ ಹಾಸಿಗೆಯಲ್ಲಿರಬೇಕು. ಆ ಹೊತ್ತು ಮೀರಿದರೆ ಮಗು ತೂಕಡಿಸುವುದಿಲ್ಲ, ಇನ್ನಷ್ಟು ಕುಣಿಯುತ್ತದೆ. ನಿದ್ದೆಯೇ ಬಂದಿಲ್ಲ ಎಂದು ಹಿರಿಯರು ಮೋಸಹೋಗುವುದು ಇಲ್ಲೇ. ಹಗಲು ಮಗುವನ್ನು ನೋಡಿಕೊಳ್ಳುವ ಪಾಳಣಾಘರದಲ್ಲಿ ಬಿಡುವವರು ‘ಚೆನ್ನಾಗಿ ಮಲಗಿತಾ’ ಎಂದು ಕೇಳಿ ಪ್ರಯೋಜನವಿಲ್ಲ. ಕೊನೆಯ ಸಲ ಎದ್ದ ಗಂಟೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಈಗ ಹತ್ತೂವರೆಗೆ ಮಲಗುವ ಮಗುವನ್ನು ಒಂದೇ ರಾತ್ರಿಯಲ್ಲಿ ಎಂಟಕ್ಕೆ ತರಲಾಗದು. ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ತನ್ನಿ, ತಿಂಗಳು ಹಿಡಿಯುತ್ತದೆ. ಜೊತೆಗೆ ಬೆಳಗಿನ ಏಳುವ ಹೊತ್ತನ್ನೂ ಹಾಗೇ ಹಿಂದೆ ತಂದು ಏಳಕ್ಕೆ ನಿಲ್ಲಿಸಿ, ಎದ್ದ ಕೂಡಲೇ ಪರದೆ ಸರಿಸಿ ಬೆಳಕು ಬಿಡಿ. ಬೆಳಿಗ್ಗೆ ಒಂಬತ್ತರವರೆಗೆ ಮಲಗಲು ಬಿಟ್ಟು ರಾತ್ರಿ ಎಂಟಕ್ಕೆ ಮಲಗು ಎಂದರೆ ಅದು ನಡೆಯುವ ಮಾತಲ್ಲ. ಅಪ್ಪನ ಪಾಲಿನ ಆಟ ಬೆಳಿಗ್ಗೆ ಏಳರಿಂದ ಎಂಟರವರೆಗೆ ಇರಲಿ. ಬೇಸರವಾಗುತ್ತದೆ, ನಿಜ.

ಎಂಟಕ್ಕೆ ಮಲಗಿಸುವುದಾದರೆ ಆರೂಮುಕ್ಕಾಲಿಗೆ ರಾಗಿ ಸರಿಯೋ ಮೆತ್ತಗಿನ ಅನ್ನ ತೊವ್ವೆಯೋ ಉಣಿಸಿ. ಏಳೂಕಾಲಿಗೆ ಉಗುರುಬೆಚ್ಚಗಿನ ನೀರಲ್ಲಿ ಐದು ನಿಮಿಷದ ಸ್ನಾನ, ಆಮೇಲೆ ತೆಳು ಹತ್ತಿ ಬಟ್ಟೆ. ಮುಂಬೈಯ ಸೆಕೆಯಲ್ಲಿ ರಾತ್ರಿ ಎಣ್ಣೆ ಹಚ್ಚಿದರೆ ಬೆವರುಸಾಲೆ ಏಳುವ ಸಂಭವ ಹೆಚ್ಚು. ಎಣ್ಣೆ ಬೆಳಗಿನ ಸ್ನಾನಕ್ಕಿರಲಿ. ಏಳೂವರೆಗೆ ಹಾಲು, ಅದೂ ದೀಪ ಉರಿಯುತ್ತಿರುವಾಗಲೇ. ಕುಡಿಯುತ್ತಲೇ ನಿದ್ದೆ ಹೋದ ಮಗು ನಡುರಾತ್ರಿ ಎಚ್ಚರವಾದಾಗಲೂ ಅದನ್ನೇ ಹುಡುಕುತ್ತದೆ. ಹಾಲಾದ ಮೇಲೆ ಒದ್ದೆ ಬಟ್ಟೆಯಿಂದ ವಸಡು ಒರೆಸಿ, ದೀಪ ಆರಿಸಿ, ದಿನವೂ ಅದೇ ಜೋಗುಳ ಹಾಡಿ, ಕಣ್ಣು ಪೂರ್ತಿ ಮುಚ್ಚುವ ಮೊದಲೇ ಕೆಳಗಿಡಿ. ಜೂನ್‌ನಲ್ಲಿ ಮುಂಬೈಯಲ್ಲಿ ಸೂರ್ಯ ಮುಳುಗುವಾಗಲೇ ಸುಮಾರು ಏಳೂಕಾಲು ಆಗಿರುತ್ತದೆ, ಹಾಗಾಗಿ ದಪ್ಪ ಪರದೆ ಬೇಕೇ ಬೇಕು. ಒಂದೇ ಕೋಣೆಯ ಮನೆಯಾದರೆ ಹಾಸಿಗೆಯ ಸುತ್ತ ಬೆಳಕು ತಡೆಯುವಂತೆ, ಗಾಳಿ ಆಡುವಂತೆ, ಮಗುವಿನ ಕೈಗೆ ಎಟುಕದಷ್ಟು ದೂರದಲ್ಲಿ ಒಂದು ಪರದೆ ಕಟ್ಟಿ. ಫ್ಯಾನಿನ ಸದ್ದೇ ಕುಕ್ಕರ್ ಸೀಟಿಯನ್ನು ಅರ್ಧ ನುಂಗುತ್ತದೆ. ಗಣಪತಿ ಹಬ್ಬದ ಢೋಲ್ ತಾಶೆಗೆ ಮಾತ್ರ ಉಪಾಯವಿಲ್ಲ. ಬೀದಿಗೆ ದೂರದ ಕೋಣೆಗೆ ಹಾಸಿಗೆ ಸರಿಸಿ, ಅಷ್ಟೇ.

ಇನ್ನು ಸೀರೆಯ ಜೋಲಿ. ಹೊರಳುವ, ಕೂರುವ ಮಗುವಿಗೆ ಅದು ಅಪಾಯ: ಬಗ್ಗಿ ಬೀಳಬಹುದು, ಬಟ್ಟೆ ಕುತ್ತಿಗೆಗೆ ಸುತ್ತಿಕೊಳ್ಳಬಹುದು, ಗದ್ದ ಎದೆಗೆ ಒತ್ತಿ ಉಸಿರು ಕಟ್ಟಬಹುದು. ತೂಗಿದರಷ್ಟೇ ನಿದ್ದೆ ಎಂಬ ರೂಢಿಯೂ ಬೆಳೆಯುತ್ತದೆ. ನಿದ್ದೆಯ ಒಂದೊಂದು ಸುತ್ತು ಸುಮಾರು ಒಂದು ಗಂಟೆಯದು. ಸುತ್ತು ಮುಗಿದಾಗಲೆಲ್ಲ ಮಗು ತುಸು ಎಚ್ಚರವಾಗಿ, ತೂಗು ನಿಂತಿದ್ದರೆ ಅಳುತ್ತದೆ. ಬಿಡಿಸುವುದನ್ನು ರಾತ್ರಿಯಿಂದ ಶುರುಮಾಡಿ, ಹಗಲಿಗಿಂತ ಆಗ ನಿದ್ದೆಯ ಸೆಳೆತ ಹೆಚ್ಚು. ಜೋಲಿಯ ಬದಲು ಮೊದಲ ಮೂರು ರಾತ್ರಿ ತೋಳಲ್ಲಿ ತೂಗಿ, ಕಣ್ಣು ಎಳೆಯುವಾಗ ಹಾಸಿಗೆಯಲ್ಲಿಟ್ಟು ತಟ್ಟಿ. ಮುಂದಿನ ಮೂರು ರಾತ್ರಿ ತೂಗದೆ ಎತ್ತಿಕೊಂಡಷ್ಟೇ ಕೂರಿ. ಆಮೇಲೆ ಹಾಸಿಗೆಯಲ್ಲೇ ತಟ್ಟುವುದು, ಕೊನೆಗೆ ಬರೀ ಪಕ್ಕದಲ್ಲಿ ಕೂರುವುದು. ನಾಲ್ಕನೆಯ ರಾತ್ರಿ ಅಳು ಜೋರಾಯಿತೆಂದು ಅಜ್ಜಿ ಮತ್ತೆ ಜೋಲಿ ಕಟ್ಟಿದರೆ ಮೊದಲಿಂದ ಶುರು; ಮನೆಯವರೆಲ್ಲ ಮುಂಚೆಯೇ ಮಾತಾಡಿಕೊಳ್ಳಿ.

ಹಾಸಿಗೆ ಗಟ್ಟಿಯಾಗಿರಲಿ. ನೆಲದ ಮೇಲೆ ಹಾಸುವುದಾದರೆ ಗೋಡೆಯಿಂದ ಒಂದಡಿ ದೂರ, ಇಲ್ಲದಿದ್ದರೆ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ವರ್ಷದವರೆಗೆ ಅಂಗಾತವೇ ಮಲಗಿಸಿ. ತಾನಾಗಿ ಎರಡೂ ಕಡೆ ಹೊರಳಬಲ್ಲ ಮಗುವನ್ನು ಮತ್ತೆ ತಿರುಗಿಸಬೇಕಿಲ್ಲ. ಸಾಸಿವೆ ದಿಂಬು, ರಾಗಿ ದಿಂಬು, ಗೊಂಬೆ, ದುಪ್ಪಟಿ ಯಾವುದೂ ಬೇಡ. ಎಸಿಯನ್ನು 24ರಿಂದ 26ರಲ್ಲಿಟ್ಟರೆ ಸಾಕು. ಬೆನ್ನು, ಕುತ್ತಿಗೆ ಬೆವರಿದ್ದರೆ ಬಟ್ಟೆ ಹೆಚ್ಚಾಗಿದೆ ಎಂದರ್ಥ. ಸೊಳ್ಳೆ ಬತ್ತಿಯ ಹೊಗೆಗಿಂತ ಬಿಗಿಯಾಗಿ ಕಟ್ಟಿದ ಸೊಳ್ಳೆ ಪರದೆ ಮೇಲು.

ರಾತ್ರಿ ಕುಂಯ್ ಎಂದೊಡನೆ ಎತ್ತಿಕೊಳ್ಳಬೇಡಿ. ಎರಡು ಮೂರು ನಿಮಿಷ ಕಾದರೆ ಎಷ್ಟೋ ಸಲ ತಾನೇ ಮಲಗುತ್ತದೆ. ಎಂಟು ಒಂಬತ್ತು ತಿಂಗಳಲ್ಲಿ ಅಮ್ಮ ಕಾಣದಿದ್ದರೆ ಭಯ. ನಡುರಾತ್ರಿ ಎದ್ದು ನಿಂತು, ಕೂರಲು ಬಾರದೆ ಅಳುವುದೂ ಇದೇ ವಯಸ್ಸಿನಲ್ಲಿ. ಕೂರುವುದನ್ನು ಹಗಲಲ್ಲಿ ಅಭ್ಯಾಸ ಮಾಡಿಸಿ. ರಾತ್ರಿ ಹಾಲು ನಿಲ್ಲಿಸುವ ಮುನ್ನ ತೂಕ ತೋರಿಸಿ ಮಕ್ಕಳ ಡಾಕ್ಟರನ್ನು ಕೇಳಿ. ನಿದ್ದೆ ಬರಲೆಂದು ಜಾಯಿಕಾಯಿ ತೇಯ್ದು ನೆಕ್ಕಿಸುವುದು, ಕೆಮ್ಮಿನ ಸಿರಪ್ ಹಾಕುವುದು ಎರಡೂ ವಿಷಕ್ಕೆ ದಾರಿ. ದಿನವೂ ಗೊರಕೆ ಹೊಡೆದರೆ ಡಾಕ್ಟರಿಗೆ ತೋರಿಸಿ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬಂದರೆ ತಡಮಾಡಬೇಡಿ.

ಉಡುಪಿಗೋ ಹುಬ್ಬಳ್ಳಿಗೋ ಹೋದಾಗ ಕ್ರಮ ತಪ್ಪಿಯೇ ತಪ್ಪುತ್ತದೆ. ವಾಪಸಾದ ಮರುದಿನ ಬೆಳಿಗ್ಗೆ ಏಳಕ್ಕೆ ಎಬ್ಬಿಸಿ, ಸಂಜೆಯ ಊಟದಿಂದ ಹಳೆಯ ಹೊತ್ತನ್ನೇ ಹಿಡಿಯಿರಿ.