ಎಡಗಡೆ ಕಂಡಿದ್ದು, ಬಲಗಡೆ ಕೇಳಿ ತಿಳಿದಿದ್ದು

ಮನುಷ್ಯರನ್ನು ಅರ್ಥ ಮಾಡಿಕೊಳ್ಳಲು ನಾನು ರೂಢಿಸಿಕೊಂಡ ಅಭ್ಯಾಸ ತುಂಬಾ ಸರಳ. ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಡಗಡೆ ಪುಟದಲ್ಲಿ ಕಣ್ಣಾರೆ ಕಂಡಿದ್ದು, ಕಿವಿಯಾರೆ ಕೇಳಿದ್ದು ಮಾತ್ರ. ಅದು ಯಾಕೆ ಹಾಗಾಯ್ತು ಅನ್ನೋದು ಬಲಗಡೆಗೆ. ಆದರೆ ಬಲಗಡೆ ಅವತ್ತೇ ಬರೆಯುವುದಿಲ್ಲ. ಆ ವ್ಯಕ್ತಿಯನ್ನೇ ಕೇಳಿ ತಿಳಿದ ಮೇಲೆ ಬರೆಯುತ್ತೇನೆ.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಕೊಯ್ಲು ಶುರುವಾದರೆ ಸಂಜೆ ಹೊತ್ತಿಗೆ ಸುಲಿಯುವವರು ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂರುತ್ತಾರೆ. ಒಂದು ಸಲ, ಯಾವಾಗಲೂ ನಗಿಸುತ್ತಿದ್ದ ಅಕ್ಕ ಒಬ್ಬರು ತುಟಿ ಬಿಚ್ಚಲಿಲ್ಲ. "ಮಗನಿಗೆ ಕೆಲಸ ಸಿಕ್ತಲ್ಲ, ಸೊಕ್ಕು" ಅಂದರು ಪಕ್ಕದವರು. ನಾನು ಎಡಗಡೆ ಬರೆದೆ: "ಮಾತಿಲ್ಲ. ಸುಲಿದ ಅಡಿಕೆಯ ಡಬ್ಬ ಅರ್ಧವೂ ತುಂಬಿಲ್ಲ. ಚಹಾ ಲೋಟ ಎಡಗೈಯಲ್ಲಿ ಹಿಡಿದರು."

ಆ ಎಡಗೈ ಮನಸ್ಸಿನಲ್ಲೇ ಉಳಿಯಿತು. ಮರುದಿನ ಅವರ ಪಕ್ಕದಲ್ಲೇ ಕೂತು, "ಕೈಗೆ ಏನಾಯ್ತು ಅಕ್ಕಾ?" ಅಂದೆ. ಬಲಗೈ ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದರು. ಕತ್ತಿ ತಾಗಿ ಸೀಳಿತ್ತು. ಹಸಿ ಅಡಿಕೆಯ ರಸ ಇಳಿದು ಗಾಯದ ಅಂಚೆಲ್ಲಾ ಕಪ್ಪಾಗಿತ್ತು. "ಹೇಳಿದ್ರೆ ಮನೆಗೆ ಹೋಗು ಅಂತೀರಿ ಅಮ್ಮಾ" ಅಂದರು. ಕೂಲಿ ಡಬ್ಬದ ಲೆಕ್ಕದಲ್ಲಿ ಅಲ್ವಾ, ಸುಲಿಯದಿದ್ದರೆ ದುಡ್ಡಿಲ್ಲ. ಸೊಕ್ಕು ಎಲ್ಲಿಂದ ಬಂತು?

ಮನಶ್ಶಾಸ್ತ್ರದವರು ಇದನ್ನು ಚೆನ್ನಾಗಿ ಗುರುತಿಸಿದ್ದಾರೆ. ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಇದಕ್ಕೆ 'ಫಂಡಮೆಂಟಲ್ ಆಟ್ರಿಬ್ಯೂಷನ್ ಎರರ್' ಅಂತ ಹೆಸರಿಟ್ಟರು. ಬೇರೆಯವರು ಏನೇ ಮಾಡಲಿ, ಅವರ ಗುಣವೇ ಹಾಗೆ ಅಂದುಬಿಡುತ್ತೇವೆ. ಅವರು ಯಾವ ಇಕ್ಕಟ್ಟಿನಲ್ಲಿದ್ದರು ಅಂತ ನೋಡುವುದು ಕಡಿಮೆ. ಅದಕ್ಕೂ ಮುಂಚೆ, 1967ರಲ್ಲಿ, ಜೋನ್ಸ್ ಮತ್ತು ಹ್ಯಾರಿಸ್ ಅನ್ನೋ ಸಂಶೋಧಕರು ಒಂದು ಪ್ರಯೋಗದಲ್ಲಿ ಕೆಲವರಿಗೆ ಕ್ಯೂಬಾದ ನಾಯಕ ಕ್ಯಾಸ್ಟ್ರೋ ಪರ ಮತ್ತು ವಿರೋಧದ ಪ್ರಬಂಧಗಳನ್ನು ಓದಲು ಕೊಟ್ಟಿದ್ದರು. ಯಾವ ಪಕ್ಷ ವಹಿಸಬೇಕು ಅಂತ ಬರೆದವರಿಗೆ ಮೊದಲೇ ಹೇಳಲಾಗಿತ್ತು ಅಂತ ಗೊತ್ತಿದ್ದರೂ, ಅದು ಅವರ ಸ್ವಂತ ಅಭಿಪ್ರಾಯವೇ ಇರಬೇಕು ಅನ್ನುವ ಕಡೆಗೆ ಓದಿದವರು ವಾಲಿದರು. ನನಗೆ ಇದು ಬಹಳ ದೊಡ್ಡ ಪಾಠ. ಕಾರಣ ಕಣ್ಣೆದುರಿಗೇ ಇದ್ದರೂ ಮನಸ್ಸು ಗುಣದ ಕಡೆಗೇ ಓಡುತ್ತದೆ.

ಮಳೆಗಾಲದಲ್ಲಿ ಈ ತಪ್ಪು ಇನ್ನೂ ಜಾಸ್ತಿ. ಅಡಿಕೆ ಕಾಯಿ ಕೊಳೆಯುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು, ನೂರು ಲೀಟರ್ ನೀರಿಗೆ ಒಂದೊಂದು ಕೆ.ಜಿ. ಮೈಲುತುತ್ತು, ಸುಣ್ಣ. ಮಳೆ ಹೊಳವಾದರೆ ಸಾಕು, ತೋಟದವರಿಗೆ ಅವಸರ. ಮರ ಹತ್ತುವವನು ಕಾಂಡ ಮುಟ್ಟಿ ನೋಡಿ, "ಪಾಚಿ ಇದೆ, ಜಾರ್ತದೆ, ನಾಳೆ ಬರ್ತೇನೆ" ಅನ್ನುತ್ತಾನೆ. ಇವರು ಅವನನ್ನು ಸೋಮಾರಿ ಅಂತಾರೆ, ಅವನು ಇವರನ್ನು ಕರುಣೆ ಇಲ್ಲದವರು ಅಂತಾನೆ. ಒಬ್ಬರಿಗೆ ವರ್ಷದ ಫಸಲಿನ ಭಯ, ಇನ್ನೊಬ್ಬನಿಗೆ ಜೀವದ ಭಯ. ಎಡಗಡೆ ಪುಟದಲ್ಲಿ ಇಬ್ಬರ ಮಾತೂ ಇದ್ದರೆ ಇದು ಸುಲಭವಾಗಿ ಕಾಣುತ್ತದೆ.

ಕಷ್ಟ ಅಂದರೆ ಮನೆಯವರ ಬಗ್ಗೆ ಬರೆಯೋದು. ವರ್ಷಗಟ್ಟಲೆ ಜೊತೆಗಿದ್ದವರ ಬಲಗಡೆ ಪುಟವನ್ನು ನಾವು ಮನಸ್ಸಿನಲ್ಲಿ ಯಾವಾಗಲೋ ತುಂಬಿಸಿಟ್ಟಿರುತ್ತೇವೆ. ಅಲ್ಲಿ ನಾನು ಪದಗಳ ಬಗ್ಗೆ ಬಿಗಿಯಾಗಿರುತ್ತೇನೆ. "ಅತ್ತೆ ಸಿಟ್ಟು ಮಾಡಿಕೊಂಡರು" ಅಂತ ಬರೆಯುವುದಿಲ್ಲ, ಸಿಟ್ಟು ಅನ್ನೋದು ನನ್ನ ಊಹೆ. "ತಟ್ಟೆ ಜೋರಾಗಿ ಇಟ್ಟರು, ಮಜ್ಜಿಗೆ ಬೇಡ ಅಂದರು" ಅಂತ ಬರೆದು ನಿಲ್ಲಿಸುತ್ತೇನೆ. ಶುರು ಮಾಡುವವರು ಯಾರ ಹೆಸರನ್ನೂ ಬರೆಯಬೇಡಿ, ನಿಮಗೆ ಮಾತ್ರ ಗೊತ್ತಾಗುವ ಗುರುತು ಸಾಕು. ಪುಸ್ತಕವನ್ನು ಯಾರ ಕೈಗೂ ಸಿಗದ ಕಡೆ ಇಡಿ.